ದೇವರನ್ನು ನಂಬದವನ ಸಾಕ್ಷಿ ನಡೆಯುತ್ತಾ?

ಸಿನಿಮಾದ ಕೋರ್ಟ್ ಸೀನ್ ನೆನಪು ಮಾಡಿಕೊಳ್ಳಿ. ಕಟಕಟೆಗೆ ಆರೋಪಿ ಬರ್ತಾನೆ. ಕೆಂಪು ಬಟ್ಟೆ ಸುತ್ತಿದ ಭಗವದ್ಗೀತೆ ಬರುತ್ತೆ. ಅದರ ಮೇಲೆ ಕೈ ಇಟ್ಟು, "ನಾನು ಹೇಳುವುದೆಲ್ಲಾ ಸತ್ಯ" ಅಂತಾನೆ. ಇದು ಸಿನಿಮಾದಲ್ಲಿ ಮಾತ್ರ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಯಾವ ನ್ಯಾಯಾಲಯಕ್ಕೆ ಬೇಕಾದರೂ ಹೋಗಿ ನೋಡಿ. ಸಾಕ್ಷಿ ಯಾವ ಗ್ರಂಥವನ್ನೂ ಮುಟ್ಟಬೇಕಿಲ್ಲ. ಅಷ್ಟೇ ಅಲ್ಲ, ಕ್ರಿಮಿನಲ್ ಕೇಸಿನಲ್ಲಿ ಆರೋಪಿಗೆ ಪ್ರಮಾಣ ಮಾಡಿಸುವ ಹಾಗೇ ಇಲ್ಲ. ತನ್ನ ಪರವಾಗಿ ತಾನೇ ಸಾಕ್ಷಿಯಾಗಿ ನಿಂತರೆ ಮಾತ್ರ ಆ ಮಾತು ಬೇರೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹಾನಗಲ್ ಕಡೆಯ ಒಬ್ಬ ರೈತ ಅಂದುಕೊಳ್ಳಿ. ಹೊಲದ ಬದುವಿನ ಜಗಳ ಹೊಡೆದಾಟಕ್ಕೆ ಹೋಗಿದೆ, ಕಣ್ಣಾರೆ ಕಂಡವನು ಇವನೊಬ್ಬನೇ. ಸಮನ್ಸ್ ಬಂದಿದೆ. ಆದರೆ ಅವನಿಗೆ ದೇವರಲ್ಲಿ ನಂಬಿಕೆ ಇಲ್ಲ. "ದೇವರ ಹೆಸರಿನಲ್ಲಿ ಪ್ರಮಾಣ ಮಾಡಲ್ಲ" ಅಂದರೆ ಅವನ ಸಾಕ್ಷಿ ಬಿದ್ದುಹೋಗುತ್ತಾ? ಪೆಟ್ಟು ತಿಂದವನಿಗೆ ನ್ಯಾಯ ತಪ್ಪುತ್ತಾ?

ಇಲ್ಲ. 1969ರ ಪ್ರಮಾಣವಚನ ಕಾಯ್ದೆಯ 5ನೇ ಕಲಂ ಒಂದೇ ಸಾಲಿನದು. ಸಾಕ್ಷಿ ಆಣೆಯ ಬದಲು ದೃಢೀಕರಣ ಮಾಡಬಹುದು. ಅಂದ್ರೆ ದೇವರ ಹೆಸರು ತೆಗೆಯದೆ, ಸತ್ಯವನ್ನೇ, ಪೂರ್ತಿ ಸತ್ಯವನ್ನೇ ಹೇಳುತ್ತೇನೆ ಅಂತ ಗಂಭೀರವಾಗಿ ಹೇಳಿದರೆ ಸಾಕು. ಯಾಕೆ ಅಂತ ಕಾರಣ ಕೊಡಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ನಾಸ್ತಿಕ ಅಂತ ಸಾಬೀತು ಮಾಡಬೇಕಾಗಿಯೂ ಇಲ್ಲ. ದೇವರನ್ನು ಇಂಥಾ ವ್ಯಾಜ್ಯಕ್ಕೆ ಎಳೆಯಬಾರದು ಅನ್ನುವ ದೈವಭಕ್ತನೂ ಇದನ್ನೇ ಆರಿಸಿಕೊಳ್ಳಬಹುದು.

"ದೇವರ ಭಯವೇ ಇಲ್ಲದವನು ನಿಜ ಹೇಳ್ತಾನಾ ಸಾರ್?" ಅಂತ ನೀವು ಕೇಳಬಹುದು. ಇಂಗ್ಲೆಂಡಿನವರೂ ಹೀಗೇ ಯೋಚನೆ ಮಾಡಿದ್ದರು. 1861ರಲ್ಲಿ ಅಲ್ಲಿನ ಮೇಡನ್ ಪ್ರಕರಣದಲ್ಲಿ ಒಬ್ಬ ಹೆಣ್ಣುಮಗಳು ತನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿದಳು. ಅವಳ ಸಾಕ್ಷಿಯನ್ನೇ ಕೇಳಲಿಲ್ಲ, ದಾವೆ ಸೋತುಹೋಯಿತು. ತಮಾಷೆ ನೋಡಿ. ನಂಬಿಕೆ ಇದೆ ಅಂತ ಒಂದು ಸುಳ್ಳು ಹೇಳಿದ್ದರೆ ಅವಳು ಯೋಗ್ಯ ಸಾಕ್ಷಿ! ನಿಜ ಹೇಳಿದ್ದಕ್ಕೆ ಅಯೋಗ್ಯಳು! 1869ರಲ್ಲಿ ಆ ದೇಶ ಕಾನೂನು ತಿದ್ದಿತು. ದೇವರ ಮೇಲೆ ಆಣೆ ಇಡುವ ತಕರಾರಿನಲ್ಲೇ ಚಾರ್ಲ್ಸ್ ಬ್ರಾಡ್ಲಾ ಅನ್ನುವ ನಾಸ್ತಿಕ 1880ರಲ್ಲಿ ಚುನಾವಣೆ ಗೆದ್ದೂ 1886ರವರೆಗೆ ಸಂಸತ್ತಿನಲ್ಲಿ ನೆಮ್ಮದಿಯಾಗಿ ಕೂರಲಾಗಲಿಲ್ಲ.

ನಮ್ಮಲ್ಲಿ 1840ರಲ್ಲೇ ಒಂದು ಕಾಯ್ದೆ ಬಂದು ಗಂಗಾಜಲ, ಕುರಾನ್ ಮುಟ್ಟಿಸುವ ಪದ್ಧತಿಯನ್ನು ಕೈಬಿಟ್ಟಿತು. ಆದರೆ ಸರ್ವಶಕ್ತ ದೇವರ ಸನ್ನಿಧಿಯಲ್ಲಿ ಅನ್ನುವ ಮಾತು ಉಳಿದಿತ್ತು. 1873ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಂದೂ, ಮುಸ್ಲಿಂ ಸಾಕ್ಷಿಗಳು, ಜೊತೆಗೆ ಆಣೆಗೆ ಆಕ್ಷೇಪ ಇರುವ ಯಾರೇ ಆಗಲಿ, ಆಣೆ ಬಿಟ್ಟು ದೃಢೀಕರಣ ಮಾಡಬೇಕು ಅಂತು.

ಅದೇ ಕಾಯ್ದೆಯಲ್ಲಿ ಒಂದು ವಿಚಿತ್ರವೂ ಇತ್ತು. "ನೀನು ಇಂಥ ಆಣೆ ಇಟ್ಟು ಹೇಳು, ನಾನು ಒಪ್ಪಿಕೊಳ್ತೀನಿ" ಅಂತ ಒಬ್ಬ ಪಕ್ಷಗಾರ ಸವಾಲು ಹಾಕಿ, ಎದುರಿನವನು ಹಾಗೇ ಆಣೆ ಇಟ್ಟರೆ, ಸವಾಲು ಹಾಕಿದವನ ಮಟ್ಟಿಗೆ ಆ ಮಾತೇ ಅಂತಿಮ ಪುರಾವೆ. ಮುಗೀತು! ನಮ್ಮ ಊರುಗಳ ಗುಡಿಕಟ್ಟೆ ನ್ಯಾಯವನ್ನೇ ಕೋರ್ಟಿನೊಳಗೆ ತಂದ ಹಾಗೆ. ಹಿರೇಕೆರೂರು ಸೀಮೆಯ ಅಬಲೂರಿನಲ್ಲಿ ಏಕಾಂತದ ರಾಮಯ್ಯ ತಲೆಯನ್ನೇ ಪಣಕ್ಕಿಟ್ಟ ಕಥೆಯನ್ನು ಕಲ್ಲಿನಲ್ಲಿ ಕೆತ್ತಿಟ್ಟ ನಾಡು ನಮ್ಮದು. ಪಣ, ಆಣೆ ನಮಗೆ ಹೊಸದಲ್ಲ. 1969ರ ಕಾಯ್ದೆ ಈ ಸವಾಲಿನ ಆಣೆಯನ್ನು ಕಿತ್ತುಹಾಕಿತು. ಒಳ್ಳೆಯದೇ ಆಯಿತು ಅಂತೀನಿ ನಾನು. ದೇವರಿಗೆ ಹೆದರುವವನು ಸತ್ಯ ಗೊತ್ತಿದ್ದೂ ಆಣೆಗೆ ಹಿಂಜರಿದು ಸೋಲ್ತಾನೆ, ಹೆದರದವನು ಸುಳ್ಳು ಆಣೆ ಇಟ್ಟು ಗೆಲ್ತಾನೆ.

ಟಿವಿ ನೋಡುವ ನಿಮಗೆ 2011ರ ಜೂನ್ 27 ನೆನಪಿರಬೇಕು. ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಆಣೆಯ ಸವಾಲಿಗೆ ಧರ್ಮಸ್ಥಳಕ್ಕೆ ಹೋದರು. ಕ್ಯಾಮೆರಾಗಳೂ ಹೋದವು. ಇಬ್ಬರೂ ಆಣೆ ಇಡದೆ ವಾಪಸ್ ಬಂದರು. ಆರೋಪ ಎಲ್ಲಿತ್ತೋ ಅಲ್ಲೇ ಉಳಿಯಿತು.

ಹಾಗಾದರೆ ಕೋರ್ಟಿನಲ್ಲಿ ಸಾಕ್ಷಿಯ ಬಾಯಿ ಕಟ್ಟುವುದು ಏನು? ಒಂದು, ಪಾಟೀಸವಾಲು. ಎದುರು ವಕೀಲ ಕೇಳುವ ಪ್ರಶ್ನೆಗೆ ಸುಳ್ಳು ಎಷ್ಟು ಹೊತ್ತು ನಿಲ್ಲುತ್ತೆ? ಎರಡು, ಶಿಕ್ಷೆ. ಸುಳ್ಳು ಸಾಕ್ಷಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಆಣೆ ಇಟ್ಟವನಿಗೂ ಅಷ್ಟೇ, ದೃಢೀಕರಣ ಮಾಡಿದವನಿಗೂ ಅಷ್ಟೇ. ಒಂದು ದಿನವೂ ಕಡಿಮೆ ಇಲ್ಲ.

ಇನ್ನೂ ಒಂದು ಮಾತು. ಪ್ರಮಾಣ ಮಾಡಿಸುವುದೇ ತಪ್ಪಿಹೋದರೂ ಸಾಕ್ಷಿ ಅಸಿಂಧು ಆಗಲ್ಲ. 1952ರಲ್ಲಿ ರಾಜಸ್ಥಾನದ ರಾಮೇಶ್ವರ್ ಪ್ರಕರಣದಲ್ಲಿ ಚಿಕ್ಕ ಹುಡುಗಿಗೆ ಪ್ರಮಾಣ ಮಾಡಿಸಿರಲಿಲ್ಲ. ಅದರಿಂದ ಸಾಕ್ಷಿ ಹೇಳುವ ಅವಳ ಅರ್ಹತೆ ಹೋಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಈಗಿನ ಕಾಯ್ದೆಯಲ್ಲೂ ಹನ್ನೆರಡು ವರ್ಷದೊಳಗಿನ ಮಗುವಿಗೆ ಆಣೆಯ ಅರ್ಥ ಗೊತ್ತಿಲ್ಲದಿದ್ದರೂ, ನಿಜ ಹೇಳಬೇಕು ಅನ್ನುವುದು ಗೊತ್ತಿದ್ದರೆ ಪ್ರಮಾಣ ಬೇಕಿಲ್ಲ.

ಆದರೆ ಜೋಕೆ. ಆಣೆಯೂ ಬೇಡ, ದೃಢೀಕರಣವೂ ಬೇಡ ಅಂತ ಕಟಕಟೆಯಲ್ಲಿ ಹಟ ಹಿಡಿದರೆ ಅದು ಅಪರಾಧ, ಆರು ತಿಂಗಳವರೆಗೆ ಸಾದಾ ಸಜೆ ಆಗಬಹುದು. ನಮ್ಮ ರೈತ ಮಾಡಬೇಕಾದ್ದು ಇಷ್ಟೇ. ಸಿಬ್ಬಂದಿ ರೂಢಿಯಂತೆ "ದೇವರ ಹೆಸರಿನಲ್ಲಿ" ಅಂತ ಶುರು ಮಾಡಿದಾಗ, ನ್ಯಾಯಾಧೀಶರ ಕಡೆ ತಿರುಗಿ "ಸಾಹೇಬ್ರ, ನಾನು ದೃಢೀಕರಣ ಮಾಡ್ತೀನ್ರಿ" ಅನ್ನಬೇಕು. ಆಮೇಲೆ ಹೊಲದ ಬದುವಿನಲ್ಲಿ ಕಂಡದ್ದನ್ನು ಹೇಳಬೇಕು.