ಬೆಳ್ಳಿಗೂದಲ ಶಿಶುವೂ ರ‍್ಯಾಬ್27ಎ ವಂಶವಾಹಿಯೂ

ಮಾನವನ 15ನೆಯ ವರ್ಣತಂತುವಿನಲ್ಲಿರುವ ರ‍್ಯಾಬ್27ಎ ಎಂಬ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಾಗ, ಬೆಳ್ಳಿಯ ಹೊಳಪಿನ ಕೂದಲೂ ಮಾರಕವಾದ ರೋಗನಿರೋಧಕ ದೌರ್ಬಲ್ಯವೂ ಒಂದೇ ಶಿಶುವಿನಲ್ಲಿ ಕೂಡಿಬರುವ ಗ್ರಿಸೆಲ್ಲಿ ವ್ಯಾಧಿಯ ಎರಡನೆಯ ಪ್ರಭೇದವು ತಲೆದೋರುತ್ತದೆ. ಈ ವ್ಯಾಧಿಯನ್ನು 1978ರಲ್ಲಿ ಫ್ರಾನ್ಸಿನ ವೈದ್ಯರಾದ ಕ್ಲೋಡ್ ಗ್ರಿಸೆಲ್ಲಿಯವರೂ ಅವರ ಸಹೋದ್ಯೋಗಿಗಳೂ ವಿವರಿಸಿದರು. ಅದರ ಹಿಂದಿನ ಈ ವಂಶವಾಹಿಯು ಪತ್ತೆಯಾದದ್ದು 2000ದಲ್ಲಿ.

ತಪ್ಪು ಕಲ್ಪನೆ: ಕೂದಲು ಕಪ್ಪಾಗದಿದ್ದರೆ ದೇಹದಲ್ಲಿ ವರ್ಣದ್ರವ್ಯವೇ ಉತ್ಪತ್ತಿಯಾಗುತ್ತಿಲ್ಲ.

ಸತ್ಯ: ಇಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವು ಯಥೇಚ್ಛವಾಗಿ ಉತ್ಪನ್ನವಾಗುತ್ತದೆ. ಅದನ್ನು ತುಂಬಿಕೊಂಡ, ಪೊರೆಯಿಂದಾವೃತವಾದ ಕಿರುಚೀಲಗಳು ಜೀವಕೋಶದ ಅಂಚನ್ನು ಮುಟ್ಟಿದಾಗ, ಅವುಗಳ ಹೊರಮೈಯಲ್ಲಿ ಕುಳಿತ ರ‍್ಯಾಬ್27ಎ ಪ್ರೋಟೀನು ಮೆಲನೋಫಿಲಿನ್ ಎಂಬುದರ ಮುಖಾಂತರ ಮಯೋಸಿನ್-5ಎ ಎಂಬ ಚಾಲಕ ಪ್ರೋಟೀನನ್ನು ಹಿಡಿದು, ಅವನ್ನು ಆಕ್ಟಿನ್ ಎಳೆಗಳಿಗೆ ಬಂಧಿಸಿ ಅಲ್ಲಿಯೇ ನಿಲ್ಲಿಸುತ್ತದೆ. ಈ ಬಂಧ ತಪ್ಪಿದೊಡನೆ ಚೀಲಗಳು ಕೋಶಕೇಂದ್ರದ ಸುತ್ತ ಗುಂಪುಗೂಡುತ್ತವೆ; ಕೂದಲಿಗೆ ಸಲ್ಲಬೇಕಾದ ಬಣ್ಣ ಸರಿಯಾಗಿ ಸಲ್ಲುವುದಿಲ್ಲ. ಅಂಥ ಒಂದು ಎಳೆಯನ್ನು ಸೂಕ್ಷ್ಮದರ್ಶಕದಡಿಯಿಟ್ಟು ನೋಡಿದರೆ, ಸಮನಾಗಿ ಹರಡಿರಬೇಕಾದ ವರ್ಣದ್ರವ್ಯವು ಅಲ್ಲೊಂದು ಇಲ್ಲೊಂದು ದಪ್ಪ ಗಂಟುಗಳಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಕೂದಲಿನ ಬಣ್ಣಕ್ಕೂ ಜ್ವರಕ್ಕೂ ಏನೂ ಸಂಬಂಧವಿಲ್ಲ.

ಸತ್ಯ: ಸೋಂಕು ತಗುಲಿದ ಕೋಶವನ್ನು ಕೊಲ್ಲಬಲ್ಲ ಟಿ-ಲಸಿಕಾಕೋಶದಲ್ಲಿ ಪರ್ಫೋರಿನ್, ಗ್ರಾಂಜೈಮ್ ಮೊದಲಾದ ಮಾರಕದ್ರವ್ಯಗಳು ಇಂಥವೇ ಚೀಲಗಳಲ್ಲಿರುತ್ತವೆ. ಅವು ಕೋಶಪೊರೆಯನ್ನು ಸೇರಿ ಹೊರಕ್ಕೆ ಸುರಿಯುವಂತೆ ಮಾಡುವಲ್ಲಿಯೂ ಇದೇ ರ‍್ಯಾಬ್27ಎ, ಮಂಕ್13-4 ಎಂಬ ಬೇರೊಂದು ಸಹಾಯಕನೊಡನೆ, ದುಡಿಯುತ್ತದೆ. ಅದಿಲ್ಲದಿರಲು ವೈರಿಯು ಸಾಯದೆ, ನಿರೋಧಕ ಕೋಶಗಳ ಉದ್ರೇಕವು ಶಮನವಾಗದೆ, ಭಕ್ಷಕಕೋಶಗಳು ದೇಹದ್ದೇ ರಕ್ತಕಣಗಳನ್ನು ನುಂಗತೊಡಗಿ, ಶಿಶುವು ತೀವ್ರಜ್ವರದಿಂದಲೂ ಗುಲ್ಮದ ಊತದಿಂದಲೂ ಕುಸಿಯುತ್ತದೆ.

ತಪ್ಪು ಕಲ್ಪನೆ: ತಾಯಿತಂದೆಯರು ಆರೋಗ್ಯವಂತರಾಗಿದ್ದರೆ ವ್ಯಾಧಿಯು ಅನುವಂಶಿಕವಲ್ಲ.

ಸತ್ಯ: ಒಂದೊಂದೇ ಕೆಟ್ಟ ಪ್ರತಿಯನ್ನು ಹೊತ್ತ ದಂಪತಿಗಳಲ್ಲಿ ಯಾವ ಲಕ್ಷಣವೂ ತೋರದು, ಆದರೆ ಅವರ ಪ್ರತಿಯೊಂದು ಮಗುವಿಗೂ ವ್ಯಾಧಿಯ ಸಂಭವ ಶೇ. 25. ನಮ್ಮಲ್ಲಿ ರೂಢಿಯಲ್ಲಿರುವ ಸೋದರಸಂಬಂಧದ ವಿವಾಹಗಳಲ್ಲಿ, ಇಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಅಧಿಕ.

ತಪ್ಪು ಕಲ್ಪನೆ: ಅಸ್ಥಿಮಜ್ಜೆಯ ಕಸಿ ಫಲಿಸಿದರೆ ಕೂದಲೂ ಕಪ್ಪಾಗಬೇಕು.

ಸತ್ಯ: ಕಸಿಯು ರಕ್ತಕೋಶಗಳನ್ನು ಹೊಸದಾಗಿಸಿ ಪ್ರಾಣವನ್ನುಳಿಸಬಲ್ಲದು, ಆದರೆ ವರ್ಣಕೋಶಗಳು ಮಜ್ಜೆಯಲ್ಲಿ ಹುಟ್ಟುವುದಿಲ್ಲವಾದ್ದರಿಂದ ಕೂದಲು ಬೆಳ್ಳಿಯಾಗಿಯೇ ಉಳಿಯುತ್ತದೆ.

ಆದಕಾರಣ ಹಸುಗೂಸಿನ ಬೆಳ್ಳಿಗೂದಲನ್ನು ದೈವದ ಗುರುತೆಂದೋ ಚೆಲುವೆಂದೋ ಬಗೆದು ಸುಮ್ಮನಿರದೆ, ವಿಶೇಷವಾಗಿ ಜ್ವರವು ಮರಳಿ ಮರಳಿ ಬರುತ್ತಿದ್ದರೆ, ವಿಳಂಬವಿಲ್ಲದೆ ಮಕ್ಕಳ ತಜ್ಞರಿಗೆ ತೋರಿಸತಕ್ಕದ್ದು.