ಅಪ್ಪನಿಂದ ಬಂದದ್ದು ಯಾವುದು?

ನಮ್ಮ ಭಾಲ್ಕಿ ಕಡೆ ಸಂಬಂಧ ಕೂಡಿಸುವಾಗ, ‘ಮನಿತನದಾಗ ಯಾರಿಗಾದ್ರೂ ತಲಿ ಕೆಟ್ಟಿತ್ತೇನ್ರಿ?’ ಎಂದು ಮೆಲ್ಲಗೆ ವಿಚಾರಿಸುವುದುಂಟು. ಅಮೆರಿಕದ ಡೇವಿಡ್ ಆಬರ್ನ್ ಬರೆದ ‘ಪ್ರೂಫ್’ ನಾಟಕದ ಕ್ಯಾಥರೀನ್‌ಳನ್ನು ಕಾಡುವುದೂ ಇದೇ ಪ್ರಶ್ನೆ. 2000ದಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿದ ಈ ನಾಟಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ತಂದೆ ರಾಬರ್ಟ್ ಷಿಕಾಗೊದ ಮಹಾ ಗಣಿತಜ್ಞ. ಎಳೆಹರೆಯದಲ್ಲೇ ಹೆಸರು ಮಾಡಿ, ಆಮೇಲೆ ಬುದ್ಧಿಭ್ರಮಣೆಗೆ ಒಳಗಾದವನು. ಓದು ಬಿಟ್ಟು ಅವನನ್ನು ನೋಡಿಕೊಂಡವಳು ಕಿರಿಯ ಮಗಳು. ನಾಟಕ ಆರಂಭವಾಗುವುದು ಅವಳಿಗೆ 25 ತುಂಬುವ ರಾತ್ರಿ. ಜಗಲಿಯಲ್ಲಿ ಅಪ್ಪನೊಡನೆ ಮಾತಾಡುತ್ತಾಳೆ. ಅಪ್ಪ ಸತ್ತು ಆಗಲೇ ಒಂದು ವಾರ!

ಮುಂದೆ ಅಪ್ಪನ ಮೇಜಿನ ಖಾನೆಯಲ್ಲಿ ಒಂದು ನೋಟ್‌ಬುಕ್ ಸಿಗುತ್ತದೆ. ಅದರಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಅಪೂರ್ವವಾದೊಂದು ರುಜುವಾತು. ‘ಬರೆದದ್ದು ನಾನು’ ಎಂದರೆ ಅಕ್ಕ ಒಪ್ಪುವುದಿಲ್ಲ. ಅಪ್ಪನ ಶಿಷ್ಯ ಹಾಲ್ ಕೂಡ ನಂಬುವುದಿಲ್ಲ. ಅಕ್ಷರ ಅಪ್ಪನದರಂತೆಯೇ ಇದೆಯಲ್ಲ! ಗಣಿತವನ್ನು ರುಜುವಾತು ಮಾಡಬಹುದು, ತನ್ನ ತಲೆ ನೆಟ್ಟಗಿದೆಯೆಂಬುದನ್ನು ಹೇಗೆ ಮಾಡುವುದು?

ವೈದ್ಯರ ಲೆಕ್ಕ ಅಷ್ಟು ನಿಷ್ಠುರವಲ್ಲ. ಸ್ಕಿಜೊಫ್ರೇನಿಯಾ ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ತಂದೆ ಅಥವಾ ತಾಯಿಗಿದ್ದರೆ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು. ಉಳಿದ ತೊಂಬತ್ತು ಮಂದಿಯ ಮಾತನ್ನು ಸಂಬಂಧ ಕೂಡಿಸುವವರು ಎತ್ತುವುದಿಲ್ಲ.

ಕೊನೆಗೆ ಹಾಲ್ ನೋಟ್‌ಬುಕ್ ಹಿಡಿದು ಮರಳಿ ಬರುತ್ತಾನೆ. ಕ್ಯಾಥರೀನ್ ಅವನ ಪಕ್ಕ ಕುಳಿತು ಅದನ್ನು ವಿವರಿಸತೊಡಗುತ್ತಾಳೆ.