ದಿಂಡು ಕೇಳಿದರೆ ದಿಂಬು ಬಂತು

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಗತಿ. ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಿಂದ ಅಪರೂಪಕ್ಕೆ ಬಾಳೆದಿಂಡು ತಂದಿದ್ದೆವು. ಅಡಿಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕುಳಿತಿದ್ದ ನಮ್ಮ ತಾಯಿಯವರು, "ಆ ದಿಂಡು ಇಲ್ಲಿ ತಾ ಪುಟ್ಟಿ, ಹೆಚ್ಚತೀನಿ" ಎಂದು ಮೊಮ್ಮಗಳನ್ನು ಕೂಗಿದರು. ಎಂಟು ವರ್ಷದ ಹುಡುಗಿ ಒಳಗೋಡಿ, ಹಾಸಿಗೆಯ ಮೇಲಿದ್ದ ದಿಂಬನ್ನು ಎದೆಗವಚಿಕೊಂಡು ತಂದು ಅಜ್ಜಿಯ ಮುಂದಿಟ್ಟಳು. ಮನೆಯೆಲ್ಲ ನಕ್ಕಿತು, ಅಜ್ಜಿಯೂ ನಕ್ಕರು. ಆದರೆ ನಗು ಅಡಗಿದ ಮೇಲೆ ಮೆಲ್ಲಗೆ, "ಇನ್ನ ಸ್ವಲ್ಪ ದಿನಕ್ಕ ನನ್ನ ಮಾತು ಈ ಮನ್ಯಾಗ ಯಾರಿಗೂ ತಿಳೀದಂಗ ಆಗ್ತದೇನೋ" ಎಂದರು.

ಆ ಒಂದು ಮಾತು ನಮ್ಮ ನಗೆಯನ್ನೆಲ್ಲ ಒರೆಸಿಹಾಕಿತು.

ತಪ್ಪು ಹುಡುಗಿಯದೆಂದು ನಾವು ಹೇಳಲಾರೆವು. ಬಾಳೆಹಣ್ಣಿಗೆ ನಾಲ್ಕಾರು ಹೆಸರುಗಳನ್ನು ಆಕೆ ಬಲ್ಲಳು. ಶಾಲೆಯಲ್ಲಿ ಅದು ಬನಾನಾ. ಪಕ್ಕದ ಮನೆಯಲ್ಲಿ ಅರಟಿಪಂಡು. ಬೀದಿಯ ಬಂಡಿಯವನಿಗೆ ಕೇಲಾ; ಅವನು ಹಳೆಯ ಶಹರದವನಾದರೆ ಮೌಜ್. ಕನ್ನಡಿಗರ ಕಿವಿಗೆ ಇದು ಮೋಜಿನಂತೆಯೇ ಕೇಳಿಸೀತು. ಆದರೆ ಇದು ಅರಬ್ಬಿಯಿಂದ ದಖ್ಖನಿಗೆ ಬಂದ ಮಾತು. ಸಸ್ಯಶಾಸ್ತ್ರಜ್ಞರು ಬಾಳೆಯ ಕುಲಕ್ಕೆ ಇಟ್ಟಿರುವ ಮ್ಯೂಸಾ ಎಂಬ ಹೆಸರೂ ಈ ಅರಬ್ಬಿ ಮಾತಿನಿಂದಲೇ ಬಂದಿತೆಂದು ಹೇಳುವವರುಂಟು. ನೋಡಿ, ನಮ್ಮ ಬಂಡಿಯವನು ಎಂಥ ದೊಡ್ಡವರ ನೆಂಟ!

ಈ ಊರಿನ ಗುಣವೇ ಅದು. 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿ ಉರ್ದು, ತೆಲುಗು, ಮರಾಠಿ, ಕನ್ನಡ ಒಂದೇ ಸೂರಿನ ಕೆಳಗಿದ್ದವು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳವರಿಗೆ ಇದೇ ರಾಜಧಾನಿ. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಬಂದವರು ಇಲ್ಲೇ ನಿಂತರು. ಕಾಚಿಗುಡದ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಅಂಥವರ ನೆಲೆಗಳು. ನಮ್ಮ ತಾಯಿಯವರು ತುಂಗಭದ್ರೆಯ ದಂಡೆಯ ಆನೆಗೊಂದಿಯ ಕಡೆಯವರು. ಆ ಸೀಮೆ ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ಈಗ ಕೊಪ್ಪಳ ಜಿಲ್ಲೆಯಲ್ಲಿದೆ. ಬಂಡೆಗಲ್ಲಿನ ಬೆಟ್ಟಗಳ ನಡುವೆ ಎಲ್ಲಿ ನೋಡಿದರೂ ಬಾಳೆಯ ತೋಟ. ಅಲ್ಲಿ ಬೆಳೆದವರಿಗೆ ಬಾಳೆಯೆಂದರೆ ಹಣ್ಣು ಮಾತ್ರವಲ್ಲ. ಬುಡದಲ್ಲಿ ಏಳುವ ಮರಿ ಕಂದು. ನಡುವೆ ಸುರುಳಿಯಾಗಿ ಹೊರಡುವ ಎಳೆಯೆಲೆ ಸುಳಿ. ಬಿಟ್ಟ ಫಲ ಗೊನೆ. ಗೊನೆಯಲ್ಲಿ ಸಾಲುಸಾಲಾಗಿ ನಿಂತದ್ದು ಚಿಪ್ಪು. ಪಟ್ಟೆಗಳನ್ನೆಲ್ಲ ಸುಲಿದ ಮೇಲೆ ಒಳಗೆ ಉಳಿಯುವ ಬಿಳಿಯ ತಿರುಳು ದಿಂಡು. ಆ ಪಟ್ಟೆಯಿಂದ ತೆಗೆದ ನಾರಿನಲ್ಲಿ ಆನೆಗೊಂದಿಯ ಹೆಣ್ಣುಮಕ್ಕಳು ಇಂದಿಗೂ ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ.

ಹೈದರಾಬಾದಿನ ಮಾಳಿಗೆ ಮನೆಗೆ ಇವುಗಳಲ್ಲಿ ಬರುವುದೇನು? ಡಜನ್ ಲೆಕ್ಕದ ಹಣ್ಣು, ಹಬ್ಬಕ್ಕೆ ನಾಲ್ಕು ಎಲೆ. ವಸ್ತುವೇ ಹೊಸ್ತಿಲು ದಾಟದಿದ್ದರೆ ಅದರ ಹೆಸರು ಹೇಗೆ ದಾಟೀತು?

ಕನ್ನಡವೊಂದರಲ್ಲೇ ಎಷ್ಟು ಬಗೆ ನೋಡಿ! ನಮ್ಮಲ್ಲಿ ಬಾಳಿಹಣ್ಣು, ಮೈಸೂರಿನವರಲ್ಲಿ ಬಾಳೆಹಣ್ಣು. ಅವರು ಬಾಳೆಹೂವು ಎನ್ನುವುದನ್ನು ಕರಾವಳಿಯ ಕಡೆಯವರು ಕುಂಡಿಗೆ ಎನ್ನುತ್ತಾರೆ. ಮನೆಮಾತು ತುಳುವಾದರೆ ಅದೇ ಪೂಂಬೆ. ನಮ್ಮವರು ಹಣ್ಣನ್ನು ಹಾಲು ಸಕ್ಕರೆಯಲ್ಲಿ ಕಿವುಚಿ ಸೀಕರಣಿ ಎಂದರೆ, ಆ ಕಡೆಯವರು ತೆಂಗಿನ ಹಾಲು ಬೆಲ್ಲ ಸೇರಿಸಿ ರಸಾಯನ ಎನ್ನುತ್ತಾರೆ. ಕಳಿತ ಹಣ್ಣನ್ನು ಹಿಟ್ಟಿನಲ್ಲಿ ನಾದಿ ಕರಿದರೆ ಮಂಗಳೂರು ಬನ್ಸ್! ಏಲಕ್ಕಿ, ಪಚ್ಚ, ರಸಬಾಳೆ, ನೇಂದ್ರ ಎಂದು ಜಾತಿಗಳೇ ಹಲವು. ನಂಜನಗೂಡಿನ ರಸಬಾಳೆಗೂ ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪುಬಾಳೆಗೂ ಸರಕಾರದ ಭೌಗೋಳಿಕ ಗುರುತಿನ ಮನ್ನಣೆಯೇ ದೊರೆತಿದೆ. ಇನ್ನು ತೆಲುಗರ ಚಕ್ಕರಕೇಳಿ, ಅಮೃತಪಾಣಿಗಳ ಹೆಸರು ಕೇಳಿದರೇ ಬಾಯಿ ಸಿಹಿಯಾಗುತ್ತದೆ. ನಮ್ಮ ದಿಂಡು ಅವರಲ್ಲಿ ದೂಟ. ನಮ್ಮ ಗೊನೆ ಅವರಲ್ಲಿ ಗೆಲ.

ಈ ಗೊಂದಲ ನಮ್ಮೊಬ್ಬರದೇ ಎಂದು ನಾವು ತಿಳಿದಿದ್ದೆವು. ಆದರೆ ತಾರ್ನಾಕದ ಬಳಿಯ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ನಮ್ಮ ಸೋದರಸೊಸೆ ಆ ಭಾನುವಾರ ಊಟಕ್ಕೆ ಬಂದವಳು ದಿಂಬಿನ ಕಥೆ ಕೇಳಿ, "ಸ್ಪ್ಯಾನಿಷ್ ಆಡುವವರ ಪಾಡೂ ಇದೇ" ಎಂದಳು. ಸ್ಪೇನಿನಲ್ಲಿ ಬಾಳೆಹಣ್ಣು ಪ್ಲಾತಾನೊ, ಅರ್ಜೆಂಟೀನದಲ್ಲಿ ಬನಾನಾ, ಕೊಲಂಬಿಯದಲ್ಲಿ ಬನಾನೊ, ಪೋರ್ಟೊ ರಿಕೊ, ಡೊಮಿನಿಕನ್ ದೇಶಗಳಲ್ಲಿ ಗಿನೇಯೊ. ಅಲ್ಲಿ ಹೋಗಿ ಪ್ಲಾತಾನೊ ಎಂದರೆ ಅಡಿಗೆಯ ಬಾಳೆಕಾಯಿ ಕೈಗೆ ಬಂದೀತು. ವೆನಿಜುವೇಲದಲ್ಲಿ ಹಣ್ಣಿಗೆ ಕಾಂಬುರ್ ಎಂದು ಹೆಸರು. ಸರಕಾರಿ ನೌಕರಿಯನ್ನೂ ಅಲ್ಲಿನ ಜನ ತಮಾಷೆಗೆ ಕಾಂಬುರ್ ಎನ್ನುತ್ತಾರಂತೆ! ಬಾಳೆಕಾಯಿಯನ್ನು ಕರಿದು ಬೆಳ್ಳುಳ್ಳಿಯೊಡನೆ ಒರಳಲ್ಲಿ ಕುಟ್ಟಿದರೆ ಪೋರ್ಟೊ ರಿಕೊದವರ ಮೊಫೊಂಗೊ. ಬೇಯಿಸಿ ಮಿದ್ದರೆ ಡೊಮಿನಿಕನ್ನರ ಮಂಗೂ.

ಸೋಜಿಗವೆಂದರೆ, ಬಾಳೆ ಆ ದೇಶಗಳ ಹುಟ್ಟುಬೆಳೆಯೇ ಅಲ್ಲ. ಅದು ಏಷ್ಯದ ಆಗ್ನೇಯ ಸೀಮೆಯ ಕೂಸು. 1516ರಲ್ಲಿ ತೊಮಾಸ್ ದೆ ಬೆರ್ಲಾಂಗಾ ಎಂಬ ಪಾದ್ರಿ ಕನೇರಿ ದ್ವೀಪಗಳಿಂದ ಬಾಳೆಯನ್ನು ಸಾಂತೊ ದೊಮಿಂಗೊಗೆ ತಂದು ನೆಟ್ಟನೆಂದು ಇತಿಹಾಸ ಹೇಳುತ್ತದೆ. ಗಿನೇಯೊ ಎಂಬ ಹೆಸರೂ ಆಫ್ರಿಕದ ಗಿನಿ ಸೀಮೆಯನ್ನು ನೆನೆಸುವಂಥದು. ಬಂದ ಬಾಳೆ ಅಲ್ಲಿಯದೇ ಆಯಿತು. ಎಷ್ಟರಮಟ್ಟಿಗೆಂದರೆ, ಹೊರಗಿನಿಂದ ಬಂದು ಅಲ್ಲಿಯವರಂತೆಯೇ ಆಗಿಹೋದವನನ್ನು ಕ್ಯೂಬದವರು ಅಪ್ಲಾತಾನಾದೊ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾಳೆಗೊಂಡವನು!

ಇದನ್ನು ಕೇಳಿ ನಾವು ನಮ್ಮ ಕಡೆಗೇ ನೋಡಿಕೊಂಡೆವು. ಇರಾನಿ ಚಹ ಕುಡಿದು, ಮಾತಿಗೊಂದು "ನಕ್ಕೊ" ಸೇರಿಸಿ, ಉಗಾದಿಗೆ ತೆಲುಗು ಪಂಚಾಂಗವನ್ನೇ ತಿರುವುವ ನಾವೆಲ್ಲ ಬಾಳೆಗೊಂಡವರೇ ತಾನೆ? ಅದರಲ್ಲಿ ನಾಚಿಕೆಯೇನೂ ಇಲ್ಲ. ನೆಟ್ಟ ನೆಲದಲ್ಲಿ ಬೇರು ಬಿಡದ ಬಾಳೆ ಗೊನೆ ಹಾಕೀತೆ?

ಆದರೆ ಹುಡುಗಿ ಇನ್ನೊಂದು ಮಾತನ್ನೂ ಹೇಳಿದಳು. ಪೋರ್ಟೊ ರಿಕೊದವನು ಯಾವ ದೇಶಕ್ಕೆ ಹೋಗಿ ನೆಲೆಸಿದರೂ ಅವನ ಮೇಲೆ "ಬಾಳೆಯ ಕಲೆ" ಇದ್ದೇ ಇರುತ್ತದೆಂದು ಆ ನಾಡಿನ ನುಡಿ. ಬಾಳೆಯ ಸೊನೆ ಬಟ್ಟೆಗೆ ತಗುಲಿದರೆ ತೊಳೆದಷ್ಟೂ ಕಪ್ಪಾಗುವುದೇ ಹೊರತು ಹೋಗುವುದಿಲ್ಲವಲ್ಲ! ಹುಟ್ಟಿದ ನಾಡಿನ ಗುರುತೂ ಹಾಗೆಯೇ ಎಂದು ಅವರ ಹೆಮ್ಮೆ. ಇದನ್ನು ಕೇಳಿ ನಮ್ಮ ತಾಯಿಯವರು ತಮ್ಮ ಸೀರೆಯ ಸೆರಗನ್ನು ಬಿಡಿಸಿ ತೋರಿಸಿದರು. ಅಲ್ಲಿ ಎಂದಿನದೋ ಒಂದು ಕಂದುಬಣ್ಣದ ಕಲೆ. "ಅವರೂ ನಮ್ಮಂಥವರೇ ಬಿಡು" ಎಂದರು.

ಎರಡೂ ಬೇಕು, ವಾಚಕರೇ. ಬಂದ ನೆಲಕ್ಕೆ ಬೇರೂ ಬೇಕು, ಬಿಟ್ಟುಬಂದ ನೆಲದ ಕಲೆಯೂ ಬೇಕು. ಆದರೆ ಬಟ್ಟೆಯ ಕಲೆ ತಾನಾಗಿ ಉಳಿಯುತ್ತದೆ. ಮಾತಿನ ಕಲೆ ಹಾಗಲ್ಲ, ಒಬ್ಬರು ಇನ್ನೊಬ್ಬರಿಗೆ ಹಚ್ಚಬೇಕು. ಮಹಲಿಂಗರಂಗ ಕವಿ ಕನ್ನಡವನ್ನು ಸುಲಿದ ಬಾಳೆಹಣ್ಣಿಗೆ ಹೋಲಿಸಿದನೆಂದು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಸುಲಿದು ಕೊಡುವ ಕೈ ಮಾತ್ರ ನಮ್ಮದೇ ಆಗಬೇಕಷ್ಟೆ.

ಮುಂದಿನ ಭಾನುವಾರ ನಾವು ಮಗುವನ್ನು ಕರೆದುಕೊಂಡು ಮೋಂಡಾ ಮಾರುಕಟ್ಟೆಗೆ ಹೋದೆವು. ಗೊನೆಯನ್ನು ತೋರಿಸಿದೆವು; ಚಿಪ್ಪುಗಳನ್ನು ಎಣಿಸಿದಳು. ಒಂದು ಹೂವು, ಒಂದು ದಿಂಡು ಕೊಂಡೆವು. ಮಾರುವವಳು ದೂಟ ಎಂದಳು. ನಮ್ಮ ಹುಡುಗಿ "ನಮ್ಮಲ್ಲಿ ದಿಂಡು" ಎಂದು ತೆಲುಗಿನಲ್ಲೇ ತಿದ್ದಿದಳು. ಮನೆಗೆ ಬಂದು ಅಜ್ಜಿ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಹಾಗೆಲ್ಲ ಎಳೆಯುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುವ ಕೆಲಸ ಮೊಮ್ಮಗಳದಾಯಿತು. ಹೂವನ್ನು ಬಿಡಿಸುವಾಗ ಸೊನೆ ಅವಳ ಹೊಸ ಲಂಗದ ಮೇಲೆ ಬಿತ್ತು. ನಮ್ಮ ಮನೆಯವರು ಗಾಬರಿಯಿಂದ ಸಾಬೂನು ತರಲು ಎದ್ದರು.

"ಇರಲಿ ಬಿಡವ್ವ" ಎಂದರು ನಮ್ಮ ತಾಯಿಯವರು. "ಹೋಗೂದಿಲ್ಲ ಅದು."